ಇಡ್ಲಿ ತೂಗಿದ ಅನಂತಕೃಷ್ಣ

ನಮ್ಮ ಮನೆಯ ಮಹಡಿಯ ಚಿಕ್ಕ ಕೋಣೆಯಲ್ಲಿ ಅನಂತಕೃಷ್ಣ ಇದ್ದಾನೆ. ಚಿಕ್ಕದು ಎಂದರೆ, ಅವನು ಮಂಚದ ಮೇಲೆ ಕಾಲೆತ್ತಿ ಕೂತರೆ ಮಾತ್ರ ಬೀರುವಿನ ಬಾಗಿಲು ತೆರೆಯುತ್ತದೆ. ಮೇನೂತ್ ಎಂಬ ಈ ಐರಿಷ್ ಊರಿನಲ್ಲಿ ಬಾಡಿಗೆಗೆ ಜಾಗ ಹುಡುಕಿ ಸುಸ್ತಾಗಿ, ಒಂದು ಸಂಜೆ ನನ್ನ ಗಂಡ ಸಂಪತ್‌ನ ಹಿಂದೆ ಸೂಟ್‌ಕೇಸ್ ಎಳೆದುಕೊಂಡು ಬಂದವನು. ಎರಡು ವಾರ ಅಷ್ಟೇ ಅಕ್ಕ ಎಂದಿದ್ದ. ಆಮೇಲೆ ನಿಸರ್ಗಾ ಹುಟ್ಟಿದಳು, ಅವಳಿಗೆ ಹಲ್ಲು ಬಂತು, ಓಡುವುದು ಕಲಿತಳು. ಇವನು ಇನ್ನೂ ಇದ್ದಾನೆ. ನನಗೇನೂ ಬೇಸರವಿಲ್ಲ. ಮಗುವಿಗೆ ಜ್ವರ ಬಂದಾಗ ಎತ್ತಿಕೊಂಡು ತಿರುಗಲು ಮನೆಯಲ್ಲಿ ಇನ್ನೊಂದು ಜೊತೆ ಕೈ ಇರುವುದು ಎಷ್ಟು ದೊಡ್ಡ ಅನುಕೂಲ ಎಂಬುದು ತೌರಿನಿಂದ ದೂರ ಹೆತ್ತವರಿಗೇ ಗೊತ್ತು.

ಅವನ ಊರು ಹಾಸನ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಸಂಶೋಧಕ. ಏನು ಸಂಶೋಧನೆ ಎಂದು ಮೊದಲ ವಾರವೇ ಕೇಳಿದ್ದೆ, ಹಾಲು ಉಕ್ಕಿ ಒಲೆಯೆಲ್ಲ ಆಗುವವರೆಗೂ ಹೇಳಿದ್ದ. ನನಗೆ ತಿಳಿದಷ್ಟು ಇದು: ನಕ್ಷತ್ರಗಳು ದೊಡ್ಡ ದೊಡ್ಡ ಗುಂಪು ಕಟ್ಟಿಕೊಂಡು ಸುತ್ತುತ್ತವೆ. ಗುಂಪಿನ ಅಂಚಿನಲ್ಲಿ ಇರುವವು ಎಷ್ಟು ಜೋರಾಗಿ ಓಡುತ್ತವೆ ಎಂದರೆ, ಕಣ್ಣಿಗೆ ಕಾಣುವಷ್ಟೇ ವಸ್ತು ಅಲ್ಲಿ ಇದ್ದಿದ್ದರೆ ಅವು ಯಾವತ್ತೋ ಚದುರಿ ಹೋಗಬೇಕಿತ್ತು. ಹೋಗಿಲ್ಲ. ಹಾಗಾದರೆ ಏನೋ ಒಂದು ಅವನ್ನು ಹಿಡಿದಿಟ್ಟುಕೊಂಡಿದೆ. ಅದಕ್ಕೆ ತೂಕ ಇದೆ, ಬೆಳಕಿಲ್ಲ. ಡಾರ್ಕ್ ಮ್ಯಾಟರ್ ಎಂದು ಹೆಸರಿಟ್ಟಿದ್ದಾರೆ. ಹೆಸರಿಟ್ಟವರಿಗೂ ಅದು ಏನೆಂದು ಗೊತ್ತಿಲ್ಲ.

"ಪಾರ್ಕಿನಲ್ಲಿ ತಿರುಗೋ ತಟ್ಟೆ ಮೇಲೆ ಒಂದು ಮಗೂನ ಕೂರಿಸಿ, ನಾನು ಕಪ್ಪು ಕೋಟು ಹಾಕ್ಕೊಂಡು ಹಿಡ್ಕೊಂಡಿದೀನಿ ಅಂದ್ಕೋ," ಎಂದೆ. "ಸಂಜೆಗತ್ತಲು. ದೂರದಿಂದ ನೋಡೋರಿಗೆ ಅದರ ಹಳದಿ ಜಾಕೆಟ್ ಮಾತ್ರ ಕಾಣತ್ತೆ. ಮಗು ಯಾಕೆ ಹಾರಿ ಬೀಳ್ತಿಲ್ಲ ಅಂತ ಅವರು ತಲೆ ಕೆರ್ಕೋತಿದಾರೆ. ಹಂಗಾ?"

ಇದನ್ನು ಕ್ಲಾಸಿನಲ್ಲಿ ಹೇಳಬಹುದಾ ಅಕ್ಕ ಎಂದು ಅನಂತ ಕೇಳಿದ. ಆ ಹೊತ್ತಿಗೆ ಹಾಲು ಪೂರ್ತಿ ಹೋಗಿತ್ತು.

ಮನುಷ್ಯ ಬಂಗಾರ. ಒಂದೇ ಕಷ್ಟ, ಇಲ್ಲದ್ದನ್ನು ಇದೆ ಎನ್ನಲು ಅವನಿಗೆ ಬಾಯಿ ಬರುವುದಿಲ್ಲ. ಊಟ ಆಯಿತಾ ಎಂದರೆ "ಬಹುಪಾಲು ಆಯ್ತು" ಎನ್ನುತ್ತಾನೆ. ಈ ದೇಶದಲ್ಲಿ ಹೇಗಿದ್ದೀರಿ ಎಂದು ಕೇಳಿದರೆ ಕಾಲು ಮುರಿದವನೂ "ಗ್ರ್ಯಾಂಡ್", ಅಂದರೆ ಚೆನ್ನಾಗಿದ್ದೇನೆ, ಎಂದು ಮುಂದೆ ಹೋಗುತ್ತಾನೆ. ಅನಂತ ಮಾತ್ರ ನಿಂತು, ಯೋಚಿಸಿ, ನಿಜ ಹೇಳುತ್ತಾನೆ. ಪಕ್ಕದ ಮನೆಯ ಬ್ರೀಡಾ, ಗಂಡನನ್ನು ಕಳೆದುಕೊಂಡು ಒಬ್ಬಳೇ ಇರುವ ಹೆಂಗಸು, ಬಿಡುವಿದ್ದಾಗ ಮಾತ್ರ ಅವನನ್ನು ಹೇಗಿದ್ದೀ ಎಂದು ಕೇಳುವುದಂತೆ. ಇನ್ನು ಅಡುಗೆಮನೆಯಲ್ಲಿ ಅವನದೊಂದು ತಕ್ಕಡಿ ಇದೆ. ನಂಬರ್ ತೋರಿಸುವ ಚಪ್ಪಟೆ ತಕ್ಕಡಿ, ಅದರ ಮೇಲೊಂದು ಸ್ಟೀಲ್ ಬಟ್ಟಲು. ಕಾಫಿ ಪುಡಿಯಿಂದ ಹಿಡಿದು ಒಗ್ಗರಣೆಯ ಸಾಸಿವೆಯವರೆಗೆ ಎಲ್ಲ ಅದರಲ್ಲಿ ತೂಗಿಯೇ ಹಾಕಬೇಕು. ಅದನ್ನು ಯಾರೂ ಮುಟ್ಟಬಾರದು, ಅಲುಗಾಡಿಸಬಾರದು. ಒರೆಸುವುದೂ ಅವನೇ.

ಇಂಥವನಿಗೆ ಮದುವೆ ಮಾಡುವುದು ಹೇಗೆ?

ಮೊದಲನೆಯ ಸಂಬಂಧ ಬೆಂಗಳೂರಿನದು. ಹುಡುಗಿಯ ಸೋದರಮಾವ ವಿಡಿಯೊದಲ್ಲಿ ಬಂದು, ನೀವು ಹುಡುಕುತ್ತಿರುವ ವಸ್ತು ಸಿಕ್ಕಿತಾ ಎಂದು ಕೇಳಿದರು. ಇಲ್ಲ ಎಂದ. ಎಲ್ಲಿದೆ ಎಂದಾದರೂ ಅಂದಾಜು ಇದೆಯಾ ಎಂದರು. "ಎಲ್ಲಾ ಕಡೆ ಇದೆ. ನೀವು ಕೂತಿರೋ ರೂಮಲ್ಲೂ ಇದೆ," ಎಂದ. ಮಾವ ಒಮ್ಮೆ ಹಿಂದೆ ತಿರುಗಿ ನೋಡಿ ಕ್ಯಾಮೆರಾ ಆಫ್ ಮಾಡಿದರು. ಎರಡನೆಯವರು, ಸಿಗದೇ ಇದ್ದರೆ ಏನು ಮಾಡ್ತೀರಿ ಎಂದು ಕೇಳಿದ್ದಕ್ಕೆ, ಇನ್ನೂ ಸೂಕ್ಷ್ಮವಾಗಿ ಹುಡುಕುತ್ತೇವೆ ಎಂದು ಉತ್ಸಾಹದಿಂದ ಹೇಳಿದನಂತೆ. ಮೂರನೆಯ ಸಲ ಸಂಪತ್ ಬುದ್ಧಿವಂತಿಕೆ ಮಾಡಿ, ಹುಡುಗ ಡೇಟಾ ಸೈಂಟಿಸ್ಟ್ ಎಂದು ತಾನೇ ಪರಿಚಯಿಸಿದ. ಹುಡುಗಿಯ ಕಡೆಯವರ ಮುಖ ಅರಳಿತು. ಅನಂತ ಗಂಟಲು ಸರಿಮಾಡಿಕೊಂಡು, ಅದು ಅಷ್ಟು ಸರಿಯಲ್ಲ ಎಂದು ಶುರುಮಾಡಿದ. ಮುಗಿಯಿತು.

ಹೀಗಿರುವಾಗ ನನ್ನ ಅತ್ತೆ ಕಮಲಮ್ಮ ಮೈಸೂರಿನಿಂದ ಮೊಮ್ಮಗಳನ್ನು ನೋಡಿಕೊಳ್ಳಲು ಬಂದರು. ಬಂದ ವಾರದಲ್ಲೇ ಅನಂತನ ವಿಷಯ ಕೈಗೆತ್ತಿಕೊಂಡರು. ಮೈಸೂರಿನಲ್ಲಿ ಅವರು ಬೆಳಗಿನ ವಾಕಿಂಗ್ ಹೋಗುವ ಗುಂಪಿನಲ್ಲಿ ಸಾವಿತ್ರಮ್ಮ ಎಂಬುವರಿದ್ದಾರೆ, ಅವರ ಮಗಳು ಅದಿತಿ ಇದೇ ದೇಶದ ಕಾರ್ಕ್ ನಗರದಲ್ಲಿ ಔಷಧಿ ಕಂಪನಿಯೊಂದರ ಕ್ವಾಲಿಟಿ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅತ್ತೆ ಇಲ್ಲಿಂದ ಫೋನು ಮಾಡಿದರು, ಸಾವಿತ್ರಮ್ಮ ಅಲ್ಲಿಂದ ಮಾಡಿದರು, ಜಾತಕ ಹೋಯಿತು, ಬಂತು. ಅನಂತ ಮತ್ತು ಅದಿತಿ ಶನಿವಾರಗಳಲ್ಲಿ ಮಾತಾಡತೊಡಗಿದರು. ಮೆಟ್ಟಿಲ ಮೇಲೆ ಕೂತು ಅವನು ನಗುವುದು ನನಗೆ ಕೇಳುತ್ತಿತ್ತು. ಒಂದು ದಿನ ಬಟ್ಟೆ ಮಡಿಸುತ್ತಿದ್ದ ನನ್ನ ಹತ್ತಿರ ಬಂದು, ನಿಸರ್ಗಾಳ ಕಾಲುಚೀಲಗಳನ್ನು ಜೋಡಿ ಮಾಡುತ್ತಾ, "ಅಕ್ಕ, ಇದೊಂದು ಆಗ್ಲಿ ಅನ್ನಿಸ್ತಿದೆ," ಎಂದ. ಅವನ ಬಾಯಲ್ಲಿ 'ಬಹುಶಃ' ಇಲ್ಲದ ವಾಕ್ಯ ನಾನು ಕೇಳಿದ್ದು ಅದೇ ಮೊದಲು. ಅದಿತಿ ಕೂಡ ಅವನಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಿದ್ದಳು. ತಂದೆ ಇಲ್ಲದೆ ತಾಯಿಯೇ ಸಾಕಿದವಳು, ಅಮ್ಮ ಒಪ್ಪದೆ ಮುಂದುವರಿಯುವುದು ತನಗೆ ಕಷ್ಟ ಎಂದು.

ಅಕ್ಟೋಬರ್ ಕೊನೆಯ ಬ್ಯಾಂಕ್ ಹಾಲಿಡೇ ವಾರಾಂತ್ಯ, ಭಾನುವಾರ, ಅದಿತಿ ಕಾರ್ಕಿನಿಂದ ಕಾರು ಓಡಿಸಿಕೊಂಡು ಬರುವುದೆಂದಾಯಿತು. ಸಾವಿತ್ರಮ್ಮ ಮೈಸೂರಿನಿಂದ ವಿಡಿಯೊದಲ್ಲಿ ಹಾಜರಿರುತ್ತಾರೆ. ಹುಡುಗಿಯೇ ಹುಡುಗನ ಮನೆಗೆ ಬರುವುದರಿಂದ ಅತ್ತೆ ಇದಕ್ಕೆ ಗಂಡು ನೋಡುವ ಶಾಸ್ತ್ರ ಎಂದು ಹೆಸರಿಟ್ಟರು. ಗಂಡೇ ತಿಂಡಿ ಮಾಡಲಿ ಎಂದು ತೀರ್ಮಾನ ಕೊಟ್ಟವರೂ ಅವರೇ. ರವೆ ಇಡ್ಲಿ ಮಾಡುತ್ತೇನೆ ಎಂದ ಅನಂತ. ಹಿಂದಿನ ದಿನವೆಲ್ಲ ಅತ್ತೆ ಅವನಿಗೆ ಪಾಠ ಹೇಳಿದ್ದು ಒಂದೇ: ಕೇಳಿದಷ್ಟಕ್ಕೆ ಉತ್ತರ, ಕೇಳದ್ದಕ್ಕೆ ಮೌನ.

ಅದಿತಿ ಬಂದಳು. ಎತ್ತರದ ಹುಡುಗಿ, ಮಾತು ಕಡಮೆ, ನಗು ಚುರುಕು. ಸೋಫಾದಲ್ಲಿ ಕೂರಿಸಿದರೆ ಕೂರಲಿಲ್ಲ, ಅಡುಗೆಮನೆಗೆ ಬಂದು ಏನಾದರೂ ಮಾಡ್ತೀನಿ ಕೊಡಿ ಎಂದಳು. ಅನಂತ ಹುರಿದ ರವೆ ತೂಗಲು ಸಿದ್ಧನಾಗಿದ್ದ. ಅವಳು ಬೆರಳಿನ ಉಂಗುರ ತೆಗೆದಿಟ್ಟು, ಕೈ ತೊಳೆದು, ಕೊತ್ತಂಬರಿ ಹೆಚ್ಚಿದಳು. ಅವನು ತೂಗಿದ, ಮೊಸರು ಬೆರೆಸಿದ. ಅವಳು ತಟ್ಟೆಯ ಕುಳಿಗಳಲ್ಲಿ ಒಂದೊಂದು ಗೋಡಂಬಿ ಇಟ್ಟಳು. ಅವನು ಸೌಟಿನಲ್ಲಿ ಹಿಟ್ಟು ಹಾಕಿ, ಪ್ರತಿ ಕುಳಿಯನ್ನೂ ಚಾಕುವಿನ ಬೆನ್ನಿನಿಂದ ಮಟ್ಟ ಮಾಡಿದ. ನಾನು ನಿಸರ್ಗಾಳಿಗೆ ಬಾಳೆಹಣ್ಣು ತಿನ್ನಿಸುವ ನೆಪದಲ್ಲಿ ನೋಡುತ್ತಿದ್ದೆ. ಇಬ್ಬರ ಮೊಣಕೈಯೂ ತಗುಲದ ಹಾಗೆ ಎಷ್ಟು ಜಾಗ್ರತೆಯಿಂದ ಕೆಲಸ ಮಾಡುತ್ತಿದ್ದರು ಎಂದರೆ, ಅತ್ತೆ ನನ್ನ ಕಡೆ ನೋಡಿ ಕಣ್ಣಲ್ಲೇ 'ಆಯಿತು' ಎಂದರು.

ಇಡ್ಲಿ ಬೆಂದು ಇಳಿಸುವ ಹೊತ್ತಿಗೆ ಸಾವಿತ್ರಮ್ಮ ವಿಡಿಯೊದಲ್ಲಿ ಬಂದರು. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿದೆವು. ಪ್ರಯಾಣ ಹೇಗಿತ್ತು, ಚಳಿ ಹೇಗಿದೆ ಎಂಬುದೆಲ್ಲ ಆಗಿ, ಅದಿತಿ ಕೂದಲು ಹಿಂದೆ ಸರಿಸಿದಳು ನೋಡಿ, ಅಲ್ಲಿಂದ ಅವರ ಕಣ್ಣು ನೇರ ಬೆರಳಿಗೆ ಹೋಯಿತು.

"ಅದೀ, ಅಜ್ಜಿ ಉಂಗುರ ಎಲ್ಲೇ?"

ಕೆಂಪು ಹರಳಿನ ಉಂಗುರ. ಅಜ್ಜಿಯದು, ಸಾವಿತ್ರಮ್ಮನಿಗೆ ಬಂದು, ಅವರು ಮಗಳು ವಿಮಾನ ಹತ್ತುವ ದಿನ ತಮ್ಮ ಕೈಯಿಂದ ಬಿಚ್ಚಿ ತೊಡಿಸಿದ್ದು. ಇಲ್ಲೇ ಇಟ್ಟೆ ಅಮ್ಮ ಎಂದು ಅದಿತಿ ಕಟ್ಟೆಯ ಕಡೆ ತಿರುಗಿದಳು. ಕಟ್ಟೆಯ ಮೇಲೆ ರವೆ ಡಬ್ಬಿ, ಮೊಸರು, ತಕ್ಕಡಿ, ಚಾಕು ಎಲ್ಲ ಇದ್ದವು. ಉಂಗುರ ಇರಲಿಲ್ಲ.

ನಾನು ಮೊದಲು ಮಾಡಿದ ಕೆಲಸ ಮಗಳ ಬಾಯೊಳಗೆ ಬೆರಳು ಹಾಕಿದ್ದು. ಬಾಳೆಹಣ್ಣು ಮಾತ್ರ ಸಿಕ್ಕಿತು. ಡಯಾಪರ್ ನೋಡಿದೆ, ಅಲ್ಲೂ ಇರಬೇಕಾದ್ದೇ ಇತ್ತು. ಸಂಪತ್ ಸಿಂಕಿನ ಕೆಳಗೆ ಮಲಗಿ ಪೈಪು ಬಿಚ್ಚಿದ. ಡಬ್ಬಿಗಳನ್ನೆಲ್ಲ ಎತ್ತಿ ಎತ್ತಿ ನೋಡಿದೆವು. ಎಲ್ಲರೂ ನೆಲದ ಮೇಲೆ ಅಂಬೆಗಾಲಿಡುವುದನ್ನು ಕಂಡು ನಿಸರ್ಗಾ ಇದು ತನಗಾಗಿ ಏರ್ಪಟ್ಟ ಆಟವೆಂದುಕೊಂಡು, ಅಚ್ಚ ಐರಿಷ್ ಉಚ್ಚಾರದಲ್ಲಿ "ಆಲ್ ಗಾನ್, ಆಲ್ ಗಾನ್" ಎಂದು ಚಪ್ಪಾಳೆ ತಟ್ಟಿದಳು. ಸಾವಿತ್ರಮ್ಮ ಫೋನಿನೊಳಗಿಂದ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಅದೇ ಭಯವಾಗುತ್ತಿದ್ದದ್ದು. ಹೆಣ್ಣು ಗಂಡು ನೋಡುವ ಹೊತ್ತಿನಲ್ಲಿ ಉಂಗುರ ಕಳೆಯುವುದು ಶಕುನವೇ ಅಲ್ಲ ಎಂದು ಎಷ್ಟು ಓದಿದವರೂ ಧೈರ್ಯವಾಗಿ ಹೇಳಲಾರರು. ಅತ್ತೆ ಮೂಲೆಯಲ್ಲಿ ನಿಂತು ಸಾವಿರ ತೋಳಿನ ರಾಜನ ಶ್ಲೋಕ ಶುರುಮಾಡಿದರು. ಕಳೆದ ವಸ್ತು ಸಿಗಲೆಂದು ನಮ್ಮ ಮನೆಗಳಲ್ಲಿ ಹೇಳುತ್ತಾರಲ್ಲ, ಅದು. ಅತ್ತೆ ಬಂದಾಗಿನಿಂದ ಅನಂತನ ಡಾರ್ಕ್ ಮ್ಯಾಟರಿಗಾಗಿಯೂ ದಿನವೂ ಒಂದು ಸಲ ಹೇಳುತ್ತಿದ್ದರು. ಕಳೆದಿದೆ ತಾನೆ, ಏನು ಕಳೆದಿದೆ ಎಂಬುದು ರಾಜನಿಗೆ ಬಿಟ್ಟದ್ದು ಎಂಬುದು ಅವರ ವಾದ.

ಆಗ ಅನಂತ ಎದ್ದು ನಿಂತ. ಮೊಣಕಾಲ ಮೇಲೆ ರವೆ.

"ಹಿಟ್ಟಿಗೆ ಬಿದ್ದಿರಬಹುದು. ಇಡ್ಲಿಯೆಲ್ಲ ಒಂದೇ ಮಟ್ಟಕ್ಕೆ ಹಾಕಿದೀನಿ. ಒಳಗೆ ಉಂಗುರ ಇದ್ರೆ ಆ ಇಡ್ಲಿ ಭಾರ ಬರಬೇಕು. ಮುರೀಬೇಡಿ, ತೂಗೋಣ."

ಮುರಿದು ನೋಡಿದರೆ ಬೇಗವಾಗುತ್ತಲ್ಲೋ ಎಂದರು ಅತ್ತೆ. ಶಾಸ್ತ್ರದ ತಿಂಡಿ ಪುಡಿಮಾಡಿ ಬಡಿಸಬೇಕಾಗುತ್ತದೆ ಎಂದ. ಅದು ಅವರಿಗೂ ಸರಿಯೆನಿಸಿತು. ತಕ್ಕಡಿಯ ಗುಂಡಿ ಒತ್ತಿ, ಬಟ್ಟಲಿನ ತೂಕ ಲೆಕ್ಕಕ್ಕೆ ಬಾರದ ಹಾಗೆ ಸೊನ್ನೆ ಮಾಡಿಕೊಂಡು, ಅನಂತ ಒಂದೊಂದೇ ಬಿಸಿ ಇಡ್ಲಿಯನ್ನು ಬಟ್ಟಲಿಗೆ ಇಳಿಸತೊಡಗಿದ. ಮೈಸೂರಿನಲ್ಲಿ ಸಾವಿತ್ರಮ್ಮ ಕನ್ನಡಕ ಹಾಕಿಕೊಂಡರು. ಭಾವೀ ಅಳಿಯ ಇಡ್ಲಿ ತೂಗುವುದನ್ನು ಅವರು ಹಿಂದೆ ನೋಡಿರಲಾರರು.

ಎಲ್ಲ ಇಡ್ಲಿಗಳೂ ಒಂದೇ ತೂಕ ಬಂದವು. ಅಷ್ಟರ ಮಟ್ಟಿಗೆ ಅವನ ಕೈ ಪಕ್ಕಾ. ಒಂದು ಮಾತ್ರ ತುಸು ಹೆಚ್ಚು ತೋರಿಸಿತು. ಅತ್ತೆಯ ಶ್ಲೋಕ ನಿಂತಿತು. ಅನಂತ ನಿಧಾನವಾಗಿ ಅದನ್ನು ಬಿಡಿಸಿದ. ಒಳಗೆ ಎರಡು ಗೋಡಂಬಿ.

"ಅದು ನಾನೇ. ಒಂದು ಮಿಕ್ಕಿತ್ತು," ಎಂದಳು ಅದಿತಿ.

ಅನಂತನ ಮುಖ ನೋಡಬೇಕಿತ್ತು. ನಿರಾಸೆಯ ಸುಳಿವೇ ಇಲ್ಲ. ಒಂದು ಗೋಡಂಬಿಯನ್ನೂ ತನ್ನ ತಕ್ಕಡಿ ತಪ್ಪಿಸಿಕೊಳ್ಳಲು ಬಿಡಲಿಲ್ಲ, ಹಾಗಾಗಿ ಉಂಗುರ ಇಡ್ಲಿಯಲ್ಲಿ ಇಲ್ಲ ಎಂಬುದು ಖಚಿತ ಎಂದು ಎಲ್ಲರಿಗೂ ಶುಭ ಸಮಾಚಾರದಂತೆ ತಿಳಿಸಿದ. ಸಾವಿತ್ರಮ್ಮ ಕನ್ನಡಕ ತೆಗೆದರು.

ಇದೇ ಹೊತ್ತಿಗೆ ಬಾಗಿಲು ತಟ್ಟಿದ್ದು ಬ್ರೀಡಾ. ಹುಡುಗಿ ಬರುವ ವಿಷಯ ನಾನೇ ಹೇಳಿದ್ದೆ, ಕೈಯಲ್ಲಿ ಬ್ರಾಕ್ ಹಿಡಿದು ಬಂದಿದ್ದಳು. ಹ್ಯಾಲೋವೀನ್ ಹೊತ್ತಿನಲ್ಲಿ ಇಲ್ಲಿ ಎಲ್ಲರ ಮನೆಗೂ ಬರುವ, ಒಣದ್ರಾಕ್ಷಿ ಹಾಕಿದ ಸಿಹಿ ಬ್ರೆಡ್ಡು ಅದು. ಉಂಗುರ ಕಳೆದಿದೆ ಎಂದು ತಿಳಿದದ್ದೇ ಅವಳು ಬ್ರೆಡ್ಡನ್ನು ಮೇಜಿನ ಮೇಲಿಟ್ಟು, ಕಳೆದ ವಸ್ತು ಹುಡುಕಿಕೊಡುವ ತಮ್ಮ ಸಂತ ಆಂಟನಿಯನ್ನು ಕರೆಯತೊಡಗಿದಳು. ಅತ್ತೆಗೆ ಅವಳ ಇಂಗ್ಲಿಷು ಅರ್ಧ ತಿಳಿಯದು, ಅವಳಿಗೆ ಅತ್ತೆಯ ಸಂಸ್ಕೃತ ಪೂರ್ತಿ ತಿಳಿಯದು. ಆದರೂ ಇಬ್ಬರೂ ಕಣ್ಣುಮುಚ್ಚಿ ಅಕ್ಕಪಕ್ಕ ನಿಂತು, ಒಬ್ಬರಿಗೊಬ್ಬರು ಅಡ್ಡಿಯಾಗದಂತೆ ದನಿ ತಗ್ಗಿಸಿ ಮಣಮಣಿಸಿದರು. ಅವರಿಗೂ ಒಬ್ಬ ಇದಾನಂತೆ, ಇಬ್ಬರಾದ್ರೆ ಬೇಗ ಆಗತ್ತೆ ಎಂದರು ಅತ್ತೆ, ನಡುವೆ ಉಸಿರು ತೆಗೆದುಕೊಳ್ಳುವಾಗ.

ಬ್ರೀಡಾ ಬ್ರಾಕ್ ಕತ್ತರಿಸಿ ಮೊದಲ ತುಂಡನ್ನು ಅದಿತಿಗೆ ಕೊಟ್ಟಳು. ಪಾಪ, ಹುಡುಗಿ ಅಳು ನುಂಗಿಕೊಂಡು ಮರ್ಯಾದೆಗೆ ಕಚ್ಚಿದಳು. ಕಚ್ಚಿದವಳು ನಿಂತುಬಿಟ್ಟಳು. ಬೆರಳು ಹಾಕಿ ಬಾಯಿಂದ ತೆಗೆದರೆ, ಹೊಳೆಯುವ ಉಂಗುರ.

ಮೈಸೂರಿನಿಂದ ದೊಡ್ಡ ದನಿ ಬಂತು. "ಸಿಕ್ತಲ್ಲ! ನನ್ನಪ್ಪ ಕಾಪಾಡ್ದ."

"ಸಿಕ್ತು ಸಾವಿತ್ರಮ್ಮ, ಸಿಕ್ತು," ಎಂದರು ಅತ್ತೆ, ಕಣ್ಣು ತೆರೆಯುವ ಮೊದಲೇ.

ಅದು ಆ ಉಂಗುರವಲ್ಲ. ಅದು ಬ್ರಾಕಿನದೇ ಉಂಗುರ, ಬಂಗಾರದ ಬಣ್ಣದ ತಗಡು. ಪ್ರತಿ ಬ್ರಾಕಿನೊಳಗೂ ಒಂದು ಅಡಗಿಸಿಟ್ಟಿರುತ್ತಾರೆ, ಯಾರ ತುಂಡಿನಲ್ಲಿ ಬರುತ್ತದೋ ಅವರಿಗೆ ವರ್ಷದೊಳಗೆ ಮದುವೆ ಎಂದು ನಂಬಿಕೆ. ಬ್ರೀಡಾ ಆಗಲೇ ಅದಿತಿಯ ಕೆನ್ನೆಗೆ ಮುತ್ತಿಟ್ಟು ಆ ಮಾತು ಹೇಳುತ್ತಿದ್ದಳು. ಸಕ್ಕರೆ ಡಬ್ಬಿಯ ದೂರದಿಂದ ಸಾವಿತ್ರಮ್ಮನಿಗೆ ಹರಳು ಇದೆಯೋ ಇಲ್ಲವೋ ಕಾಣುವಂತಿರಲಿಲ್ಲ. ಅವರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಸಂಪತ್ ನನ್ನನ್ನು ನೋಡಿದ. ನಾನು ಅತ್ತೆಯನ್ನು ನೋಡಿದೆ. ನಿಜವಾದದ್ದು ಇವತ್ತಲ್ಲ ನಾಳೆ ಮನೆಯಲ್ಲೇ ಸಿಗುತ್ತದೆ, ಈಗ ಸುಮ್ಮನಿದ್ದರೆ ಎಲ್ಲರಿಗೂ ಒಳ್ಳೆಯದು ಎಂದು ಮಾತಿಲ್ಲದೆ ಠರಾವಾಯಿತು. ಅದಿತಿ ಮಾತ್ರ ಅನಂತನನ್ನೇ ನೋಡುತ್ತಿದ್ದಳು.

ಅನಂತ ಗಂಟಲು ಸರಿಮಾಡಿಕೊಂಡ. ನಾನು ಮೇಜಿನ ಕೆಳಗೆ ಅವನ ಕಾಲು ತುಳಿದೆ. ಜಾಗ ಬೇಕೇನೋ ಎಂದುಕೊಂಡು ಅವನು ಕಾಲು ಪಕ್ಕಕ್ಕೆ ಸರಿಸಿದ.

"ಅಮ್ಮ, ಅದು ನಿಮ್ಮ ಉಂಗುರ ಅಲ್ಲ," ಎಂದ. "ಬ್ರೆಡ್ಡಿನ ಜೊತೆ ಬರೋದು. ನಿಮ್ದು ಇನ್ನೂ ಸಿಕ್ಕಿಲ್ಲ."

ಬ್ರೀಡಾಳಿಗೆ ಕನ್ನಡ ಬರದಿದ್ದರೂ ಏನೋ ಕೆಟ್ಟಿತೆಂದು ತಿಳಿದು ಚಾಕು ಕೆಳಗಿಟ್ಟಳು.

"ಮತ್ತೆ ಇಷ್ಟೊತ್ತೂ ಏನು ಸಿಕ್ತು ನಿಮಗೆ?" ಸಾವಿತ್ರಮ್ಮನ ದನಿ ತಣ್ಣಗಿತ್ತು.

"ಇಡ್ಲೀಲಿ ಇಲ್ಲ ಅಂತ ಗೊತ್ತಾಯ್ತು."

"ನಿಮ್ಮ ಕೆಲಸಾನೂ ಇದೇ ಅಂತೆ. ಹುಡುಕೋದು, ಇಲ್ಲ ಅನ್ನೋದು."

"ಹೌದಮ್ಮ. ಸದ್ಯಕ್ಕೆ ಅಷ್ಟೇ."

ಅತ್ತೆ ಕುರ್ಚಿ ಎಳೆದುಕೊಂಡು ಕೂತರು. ನಾಲ್ಕನೆಯದೂ ಹೋಯಿತು ಎಂದು ನಾನು ಮನಸ್ಸಿನಲ್ಲೇ ಬರೆದುಕೊಂಡೆ. ಅನಂತನ ಕಿವಿ ಕೆಂಪಾಗಿತ್ತು. ಹೇಳಿದ್ದಕ್ಕೆ ಪಶ್ಚಾತ್ತಾಪವಲ್ಲ, ಹೇಳಿದ್ದರ ಬೆಲೆ ಏನೆಂದು ಅವನಿಗೂ ಗೊತ್ತಿತ್ತು. ಇಸ್ತ್ರಿ ಮಾಡಿದ ಶರಟಿನ ತೋಳಿನಿಂದ ರವೆ ಕೊಡವಿಕೊಳ್ಳುತ್ತಾ ನಿಂತಿದ್ದ.

ಅದಿತಿ ತಗಡಿನ ಉಂಗುರವನ್ನು ತಟ್ಟೆಯ ಅಂಚಿನಲ್ಲಿಟ್ಟಳು.

"ಅಮ್ಮ, ನನ್ನ ಕೆಲಸ ಏನು ಅಂದ್ಕೊಂಡಿದೀಯ? ದಿನಾ ಮಾತ್ರೇಲಿ ವಿಷ ಇದೆಯಾ ಅಂತ ಹುಡುಕೋದು. ಸಿಗಲಿಲ್ಲ ಅಂದ್ರೆ 'ಸಿಗಲಿಲ್ಲ' ಅಂತ ಸೈನ್ ಮಾಡೋದು. ಮನೇಲಿ ನೀನು ಆ ಮಾತ್ರೆ ನಂಬಿ ನುಂಗ್ತೀಯಲ್ಲ? ಸಿಗದೇ ಇದ್ದಿದ್ದನ್ನ ಸಿಕ್ತು ಅನ್ನೋನು, ಸಿಕ್ಕಿದ್ದನ್ನ ಇಲ್ಲ ಅಂತಾನೂ ಅಂತಾನೆ. ಅಂಥೋನ್ನ ನಮ್ಮ ಲ್ಯಾಬಲ್ಲಿ ಒಂದಿನ ಇಟ್ಕೊಳ್ಳಲ್ಲ."

ಇಷ್ಟು ಮಾತು ಅವಳು ಬಂದಾಗಿನಿಂದ ಆಡಿರಲಿಲ್ಲ. ಆಮೇಲೆ ಅನಂತನ ಕಡೆ ತಿರುಗಿ, ಲ್ಯಾಬಿನ ದನಿಯಲ್ಲೇ ಕೇಳಿದಳು.

"ತೂಗೋ ಮುಂಚೆ ತಕ್ಕಡಿ ಚೆಕ್ ಮಾಡಿದ್ರಾ?"

"ಸೊನ್ನೆ ಮಾಡ್ಕೊಂಡೆ."

"ಬಟ್ಟಲು ಎತ್ತಿ, ಕೆಳಗೆ ನೋಡಿ ಮಾಡಿದ್ರಾ, ಇಟ್ಟಿದ್ದ ಹಾಗೇನಾ?"

ಅನಂತ ತಕ್ಕಡಿಯ ಕಡೆ ತಿರುಗಿದ. ಬಾಯಿ ಸ್ವಲ್ಪ ತೆರೆದುಕೊಂಡಿತು. ಅವಳು ಹೋಗಿ, ಈ ಮನೆಯಲ್ಲಿ ಯಾರೂ ಮುಟ್ಟಬಾರದ ಆ ಬಟ್ಟಲನ್ನು ಎತ್ತಿದಳು. ತಕ್ಕಡಿಯ ಚಪ್ಪಟೆ ಮೈಮೇಲೆ, ಬಟ್ಟಲಿನ ತಳದ ಗುಳಿ ಇರುವ ಕಡೆ ಸರಿಯಾಗಿ, ಕೆಂಪು ಹರಳಿನ ಉಂಗುರ ಕೂತಿತ್ತು.

ಆದದ್ದು ಇಷ್ಟೇ. ಬಟ್ಟಲಿಲ್ಲದ ತಕ್ಕಡಿ ಅವಳಿಗೆ ಸಣ್ಣ ತಟ್ಟೆಯಂತೆ ಕಂಡಿದೆ, ಉಂಗುರ ತೆಗೆದು ಅದರ ಮೇಲಿಟ್ಟಿದ್ದಾಳೆ. ಬಟ್ಟಲು ಒರೆಸಿ ತಂದ ಅನಂತ, ಅವಳನ್ನು ನೋಡುತ್ತಾ ಇದ್ದನೋ ಏನೋ, ಅದರ ಮೇಲೆಯೇ ಇಟ್ಟು ಸೊನ್ನೆ ಮಾಡಿಕೊಂಡಿದ್ದಾನೆ. ಆಮೇಲೆ ಹುಡುಕುವಾಗ ಎಲ್ಲ ಎತ್ತಿ ನೋಡಿದ ನಾವು, ಅವನ ತಕ್ಕಡಿ ಎಂಬ ಗೌರವಕ್ಕೆ ಅದೊಂದನ್ನು ಬಿಟ್ಟಿದ್ದೆವು. ಇಡ್ಲಿಗಳನ್ನೆಲ್ಲ ಆ ಉಂಗುರದ ಮೇಲೆ ಕೂರಿಸಿಯೇ ತೂಗಿದ್ದ.

ಇನ್ನೊಬ್ಬರಾಗಿದ್ದರೆ ನಾಚಿಕೊಳ್ಳುತ್ತಿದ್ದರು. ಅನಂತ ಎರಡೂ ಕೈ ತಲೆಯ ಮೇಲಿಟ್ಟುಕೊಂಡು, ಮಗುವಿನ ಹಾಗೆ ನಗಲು ಶುರುಮಾಡಿದ. ಅದಿತಿಗೂ ನಗು ತಡೆಯಲಾಗಲಿಲ್ಲ. ಅವರಿಬ್ಬರೂ ಕಟ್ಟೆ ಹಿಡಿದುಕೊಂಡು ನಗುವುದನ್ನು ಸಾವಿತ್ರಮ್ಮ ಸ್ವಲ್ಪ ಹೊತ್ತು ನೋಡಿದರು. ಉಂಗುರವನ್ನು ಕ್ಯಾಮೆರಾದ ಹತ್ತಿರ ತರಿಸಿ, ಹರಳು ನೋಡಿ ಖಾತ್ರಿ ಮಾಡಿಕೊಂಡರು. ಆಮೇಲೆ ಹೇಳಿದರು:

"ಆ ಹುಡುಗ ಅದು ನಮ್ಮದಲ್ಲ ಅಂತ ಹೇಳ್ದ. ಕಮಲಮ್ಮ, ನೀವು ನೋಡಿದ್ರೆ ಸಿಕ್ತು ಸಿಕ್ತು ಅಂದ್ಬಿಟ್ರಿ."

ಅತ್ತೆಗೆ ಚಟ್ನಿಗೆ ಉಪ್ಪು ಸಾಲದೆಂದು ಥಟ್ಟನೆ ನೆನಪಾಗಿ ಎದ್ದುಹೋದರು. ನಾನು ನಗು ಮುಚ್ಚಿಕೊಳ್ಳಲು ಮಗುವಿನ ಕುತ್ತಿಗೆಯಲ್ಲಿ ಮುಖ ಹುದುಗಿಸಿದೆ. ಸಾವಿತ್ರಮ್ಮ ಇನ್ನೇನೂ ಕೇಳಲಿಲ್ಲ. ಇಡ್ಲಿ ಆರಿಹೋಗತ್ತೆ ಬಡಿಸಿ ಎಂದರು. ಅದು ಒಪ್ಪಿಗೆ ಎಂದು ಅದಿತಿಯ ಭುಜ ಇಳಿದದ್ದನ್ನು ನೋಡಿ ತಿಳಿಯಿತು.

ಗಡಿಯಾರ ಒಂದು ಗಂಟೆ ಹಿಂದೆ ತಿರುಗಿಸಿದ ದಿನ ಅದು, ಬೇಗ ಮಬ್ಬಾಗುತ್ತದೆಂದು ಅದಿತಿ ಬೆಳಕಿರುವಾಗಲೇ ಹೊರಟಳು. ಡಬ್ಬಿ ತುಂಬ ಇಡ್ಲಿ ಕಟ್ಟಿಕೊಟ್ಟೆ. ಅಜ್ಜಿಯ ಉಂಗುರ ಬೆರಳಲ್ಲಿತ್ತು, ತಗಡಿನದನ್ನು ಅನಂತ ಕೇಳಿ ಇಸಿದುಕೊಂಡ. ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ನಿಜ ಹೇಳುತ್ತಿದ್ದ.

ವೈಶಾಖದಲ್ಲಿ ಮೈಸೂರಿನಲ್ಲಿ ಮದುವೆ ಎಂದು ಗೊತ್ತಾಗಿದೆ. ಬ್ರೀಡಾ ಇದು ತನ್ನ ಬ್ರಾಕಿನ ಫಲ ಎನ್ನುತ್ತಾಳೆ. ಅತ್ತೆ ಉಂಗುರ ಸಿಕ್ಕಿದ್ದನ್ನು ರಾಜನ ಖಾತೆಗೆ ಹಾಕಿ, ಇನ್ನೊಂದು ಬಾಕಿ ಇದೆಯಲ್ಲ ಎಂದು ಡಾರ್ಕ್ ಮ್ಯಾಟರಿನ ಶ್ಲೋಕ ಮುಂದುವರಿಸಿದ್ದಾರೆ. ಮೊನ್ನೆ ಅನಂತ ಕಾಫಿ ಪುಡಿ ತೂಗುವಾಗ (ಈಗ ಪ್ರತಿ ಸಲವೂ ಬಟ್ಟಲು ಎತ್ತಿ ಕೆಳಗೆ ನೋಡುತ್ತಾನೆ) ಅತ್ತೆ ಅವರೆಕಾಯಿ ಬಿಡಿಸುತ್ತಾ ತಲೆಯೆತ್ತದೆ ಕೇಳಿದರು.

"ಅನಂತು, ನಿನ್ನ ಆ ಕಾಣದ ವಸ್ತು ಇದೆಯಲ್ಲ. ಅದೂ ಹಿಂಗೇ ಏನಾದ್ರೂ ಆಗಿದ್ಯಾ? ವಸ್ತು ಕಳೆದೇ ಇಲ್ಲ, ತಕ್ಕಡೀದೇ ತಪ್ಪು?"

ನಾನು ನಗಬೇಕೆಂದಿದ್ದೆ. ಅನಂತ ನಗಲಿಲ್ಲ. ಚಮಚ ಕೆಳಗಿಟ್ಟು, ಹಾಗೆ ಹೇಳುವವರೂ ಇದ್ದಾರೆ ಅಮ್ಮ ಎಂದ. ಕಾಣದ ವಸ್ತುವೇ ಇಲ್ಲ, ಆಕಾಶ ತೂಗುವ ನಮ್ಮ ಲೆಕ್ಕದ ಸೂತ್ರವೇ ಅಷ್ಟು ದೂರಕ್ಕೆ ಸರಿಯಿಲ್ಲ ಎನ್ನುವ ಒಂದು ಗುಂಪು ಇದೆಯಂತೆ. ಸಮ್ಮೇಳನಗಳಲ್ಲಿ ಇವನ ಗುಂಪಿಗೂ ಅವರಿಗೂ ಆಗುವುದಿಲ್ಲ, ಊಟಕ್ಕೂ ಬೇರೆ ಮೇಜಂತೆ.

"ಅವರು ಸರಿ ಇರಬಹುದಾ?" ಎಂದರು ಅತ್ತೆ.

"ಇರಬಹುದು. ಕಮ್ಮಿ, ಆದ್ರೆ ಇರಬಹುದು."

"ಹಂಗಾದ್ರೆ ಈ ಮಾತು ಸಾವಿತ್ರಮ್ಮನಿಗೆ ಮದುವೆ ಆದ್ಮೇಲೆ ಹೇಳು."

ಅನಂತ ಯೋಚಿಸಿದ. ಆಮೇಲೆ, ಅವರು ನಿನ್ನೆಯೇ ಫೋನಿನಲ್ಲಿ ಕೇಳಿದರು, ಹೇಳಿಬಿಟ್ಟೆ ಎಂದ.